ಲೇಕ್ ಸ್ಟ್ರೀಟಿನ ಸಂತೆಗೆ ಅಮ್ಮನ ಜೊತೆ: ಮಿಡ್‌ಟೌನ್ ಗ್ಲೋಬಲ್ ಮಾರ್ಕೆಟ್

ಅಮ್ಮ ಮಂಗಳೂರಿನಿಂದ ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದು ಮೂರು ವಾರ ಆಗಿತ್ತು. ಮಾಲ್ ನೋಡಿ ನೋಡಿ ಅವರಿಗೆ ಸಾಕಾಗಿತ್ತು. "ಈ ಊರಿಗೆ ಒಂದು ಸಂತೆ ಇಲ್ವಾ ಮಗಾ?" ಎಂದು ಕೇಳಿದರು. ಉಂಟು ಅಮ್ಮ ಎಂದು ಶನಿವಾರ ಮಧ್ಯಾಹ್ನ ಮಿಡ್‌ಟೌನ್ ಗ್ಲೋಬಲ್ ಮಾರ್ಕೆಟ್‌ಗೆ ಕರೆದುಕೊಂಡು ಹೋದೆ.

ಲೇಕ್ ಸ್ಟ್ರೀಟ್ ಮತ್ತು ಷಿಕಾಗೋ ಅವೆನ್ಯೂ ಸೇರುವಲ್ಲಿ ಒಂದು ದೊಡ್ಡ ಹಳೆಯ ಕಟ್ಟಡ ಇದೆ. 1928ರಲ್ಲಿ ಸಿಯರ್ಸ್ ಎಂಬ ದೊಡ್ಡ ಅಂಗಡಿ ಕಂಪನಿಗಾಗಿ ಕಟ್ಟಿದ್ದು. 1994ರಲ್ಲಿ ಸಿಯರ್ಸ್ ಬಾಗಿಲು ಹಾಕಿದ ಮೇಲೆ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. 2006ರಲ್ಲಿ ಅದರ ನೆಲಮಹಡಿಯಲ್ಲಿ ಈ ಮಾರ್ಕೆಟ್ ಶುರುವಾಯಿತು. ಒಳಗೆ ಚಿಕ್ಕ ಚಿಕ್ಕ ಅಂಗಡಿಗಳು, ಊಟದ ಕೌಂಟರ್‌ಗಳು. ಹೆಚ್ಚಿನವು ಬೇರೆ ದೇಶದಿಂದ ಬಂದು ಇಲ್ಲಿ ನೆಲೆ ನಿಂತವರದ್ದು.

ನಾನೂ ನನ್ನ ಗಂಡನೂ ಮ್ಯಾನೀಸ್ ಟೋರ್ಟಾಸ್‌ನಲ್ಲಿ ಮೆಕ್ಸಿಕೋದ ಟೋರ್ಟಾ ಎಂಬ ಸ್ಯಾಂಡ್‌ವಿಚ್ ತಿಂದೆವು. ಬ್ರೆಡ್ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಒಂದನ್ನು ಇಬ್ಬರು ಹಂಚಿಕೊಂಡರೂ ಹೊಟ್ಟೆ ತುಂಬುತ್ತದೆ. ಸಫಾರಿ ಎಂಬ ಸೊಮಾಲಿ ಅಂಗಡಿಯ ಒಂಟೆ ಮಾಂಸದ ಬರ್ಗರ್ ಊರಿಗೇ ಹೆಸರುವಾಸಿ. ಆದರೆ ಅಮ್ಮ ಶನಿವಾರ ಮೀನು ಮಾಂಸ ಮುಟ್ಟುವುದಿಲ್ಲ. ಅವರು ಇನ್ನೊಂದು ಕೌಂಟರ್‌ನಲ್ಲಿ ಸೊಮಾಲಿ ಚಹಾ ಕುಡಿದರು. ಶಾಹ್ ಎನ್ನುತ್ತಾರೆ. ಏಲಕ್ಕಿ, ಲವಂಗ, ಚಕ್ಕೆ ಹಾಕಿ ಕುದಿಸಿದ್ದು. ಸಕ್ಕರೆ ಜಾಸ್ತಿ ಇತ್ತು, ಮೊದಲು ಕೊಟ್ಟ ಲೋಟ ತಣ್ಣಗೂ ಇತ್ತು. ಹೇಳಿದ ಕೂಡಲೇ ಕೌಂಟರ್‌ನ ಹೆಂಗಸು ಹೊಸದಾಗಿ ಬಿಸಿ ಮಾಡಿ ಕೊಟ್ಟರು.

ಅಲ್ಲಿಂದ ಮಾತು ಶುರುವಾಯಿತು. ಅಮ್ಮನಿಗೆ ಇಂಗ್ಲಿಷ್ ಅಷ್ಟು ಬರುವುದಿಲ್ಲ, ಆದರೂ ಕೈಸನ್ನೆಯಲ್ಲೇ ಅಡುಗೆ ವಿಚಾರ ನಡೆಯಿತು. ಸೊಮಾಲಿಯಾದವರ ಬೆಳಗಿನ ತಿಂಡಿ ಕಂಜೀರೊ. ಹಿಟ್ಟು ಹುಳಿ ಬರಿಸಿ, ಕಾವಲಿಗೆ ಸುರಿದು, ಸೌಟಿನ ತಳದಲ್ಲಿ ಸುತ್ತಿ, ಮುಚ್ಚಿ ಒಂದೇ ಬದಿ ಬೇಯಿಸುತ್ತಾರೆ. ಮೇಲೆ ತುಪ್ಪ, ಸಕ್ಕರೆ. ಅವರು ಗಾಳಿಯಲ್ಲಿ ಕೈ ಸುತ್ತಿ ತೋರಿಸಿದ್ದೇ ತಡ, ಅಮ್ಮ ನನ್ನ ಕಡೆ ತಿರುಗಿ "ದೋಸೆಯೇ ಅಲ್ವಾ ಮಾರಾಯ್ತಿ ಇದು!" ಎಂದರು. ಮೂರು ವಾರದಲ್ಲಿ ಅವರ ಮುಖ ಅಷ್ಟು ಅರಳಿದ್ದು ಅದೇ ಮೊದಲು.

ಆ ಹೆಂಗಸು ತೋರಿಸಿದ ಏಲಕ್ಕಿ ಪ್ಯಾಕೆಟ್ ಮೇಲೆ ಗ್ವಾಟೆಮಾಲಾ ಎಂದು ಬರೆದಿತ್ತು. ಅಮ್ಮ ನಂಬಲೇ ಇಲ್ಲ. ಏಲಕ್ಕಿ ಅಂದರೆ ಸಕಲೇಶಪುರ, ಮಡಿಕೇರಿ ಅಲ್ವಾ? ಈಗ ಜಗತ್ತಿನಲ್ಲಿ ಅತಿ ಹೆಚ್ಚು ಏಲಕ್ಕಿ ರಫ್ತು ಮಾಡುವುದು ಗ್ವಾಟೆಮಾಲಾ. ನಮ್ಮ ಪಶ್ಚಿಮ ಘಟ್ಟದ ಗಿಡ ಅಲ್ಲಿಗೆ ಹೋಗಿ ನೂರು ವರ್ಷ ಆಯಿತು. ಅಲ್ಲಿ ಬೆಳೆದದ್ದು ಮಿನಿಯಾಪೊಲಿಸ್‌ಗೆ ಬಂದು ಸೊಮಾಲಿ ಚಹಾಕ್ಕೆ ಬಿದ್ದಿದೆ. ಮನೆಗೆ ಹೋಗುವಾಗ ಅಮ್ಮ ನನ್ನ ಅಜ್ಜನ ಸುದ್ದಿ ತೆಗೆದರು. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಇದ್ದವರು. ಮಂಗಳೂರು ಹಂಚು ಹಡಗಿನಲ್ಲಿ ಸೊಮಾಲಿಯಾ ಇರುವ ಪೂರ್ವ ಆಫ್ರಿಕಾಕ್ಕೆ ಹೋಗುತ್ತಿದ್ದ ಕಾಲ ಅದು.

ಈ ಮಾರ್ಕೆಟ್ ಬಗ್ಗೆ ನನಗೆ ಇಷ್ಟು ಪ್ರೀತಿ ಇರುವುದು ಊಟದಿಂದ ಮಾತ್ರ ಅಲ್ಲ. ಇದನ್ನು ಕಟ್ಟಿ ನಿಲ್ಲಿಸಿದ್ದು ಲಾಭದ ಉದ್ದೇಶವಿಲ್ಲದ ಕೆಲವು ಸಂಸ್ಥೆಗಳು. ಮುಖ್ಯವಾದದ್ದು ಪಕ್ಕದ ಊರು ಸೇಂಟ್ ಪಾಲ್‌ನ ನೆಬರ್‌ಹುಡ್ ಡೆವಲಪ್‌ಮೆಂಟ್ ಸೆಂಟರ್, 1993ರಲ್ಲಿ ಶುರುವಾದದ್ದು. ಅವರು ಸುಮ್ನೆ ದುಡ್ಡು ಕೊಟ್ಟು ಕಳಿಸುವುದಿಲ್ಲ. ಮೊದಲು ತರಬೇತಿ. ಲೆಕ್ಕ ಇಡುವುದು, ಬೆಲೆ ಕಟ್ಟುವುದು, ಲೈಸೆನ್ಸ್ ಮಾಡಿಸುವುದು. ಆಮೇಲೆ ಸಣ್ಣ ಸಾಲ. ಸಾಲ ಕೊಟ್ಟ ಮೇಲೂ ಜೊತೆಗೆ ಇರುತ್ತಾರೆ.

ಅದರಲ್ಲಿ ನನಗೆ ತುಂಬ ಹಿಡಿಸಿದ ಒಂದು ವಿಷಯ ಇದೆ. ಸೊಮಾಲಿಯಾದಿಂದ ಬಂದವರಲ್ಲಿ ಹೆಚ್ಚಿನವರು ಮುಸ್ಲಿಮರು, ಬಡ್ಡಿ ಕೊಡುವುದು ಅವರ ಧರ್ಮಕ್ಕೆ ಒಪ್ಪುವುದಿಲ್ಲ. ಹಾಗಾದರೆ ಒಲೆ, ಫ್ರಿಜ್ ಕೊಳ್ಳುವುದು ಹೇಗೆ? ಇದಕ್ಕೆ ಒಂದು ದಾರಿ ಇದೆ. ಸಂಸ್ಥೆಯೇ ಆ ಸಾಮಾನು ಕೊಂಡು, ಮೊದಲೇ ಒಪ್ಪಿದ ಲಾಭ ಸೇರಿಸಿ ಅಂಗಡಿಯವರಿಗೆ ಮಾರುತ್ತದೆ. ಅವರು ಕಂತಿನಲ್ಲಿ ತೀರಿಸುತ್ತಾರೆ. ಬೆಲೆ ಮೊದಲೇ ಗೊತ್ತು, ಆಮೇಲೆ ಏರುವುದಿಲ್ಲ. ಈ ಊರಿನ ಆಫ್ರಿಕನ್ ಡೆವಲಪ್‌ಮೆಂಟ್ ಸೆಂಟರ್ ಕೂಡ ಈ ರೀತಿಯ ನೆರವಿಗೆ ಹೆಸರಾದದ್ದು. ಅದನ್ನು ಕಟ್ಟಿದ ಹುಸೇನ್ ಸಮತಾರ್ ಸೊಮಾಲಿಯಾದಿಂದ ಬಂದವರು, ಮೊದಲು ಬ್ಯಾಂಕಿನಲ್ಲಿ ಕೆಲಸ ಮಾಡಿದವರು. 2010ರಲ್ಲಿ ಇಲ್ಲಿನ ಶಾಲಾ ಮಂಡಳಿಗೆ ಚುನಾಯಿತರಾದರು, 2013ರಲ್ಲಿ ತೀರಿಕೊಂಡರು.

ಅಮ್ಮನಿಗೆ ಇದನ್ನು ವಿವರಿಸಲು ಎರಡು ನಿಮಿಷ ಸಾಕಾಯಿತು. ಅವರು ಹಪ್ಪಳ, ಉಪ್ಪಿನಕಾಯಿ ಮಾರಿ ನಮ್ಮನ್ನು ಓದಿಸಿದವರು. ಸಾಲ ಕೇಳಲು ಒಂದು ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ಕಾಗದವನ್ನೂ ನೋಡದೆ, ಗಂಡನನ್ನು ಕರೆದುಕೊಂಡು ಬನ್ನಿ ಎಂದಿದ್ದರಂತೆ. ಕಡೆಗೆ ಕೈ ಹಿಡಿದದ್ದು ಬೀದಿಯ ಹೆಂಗಸರ ಸ್ವಸಹಾಯ ಸಂಘ. ವಾರಕ್ಕೆ ಹತ್ತು ರೂಪಾಯಿ ಕಟ್ಟಿದ್ದು, ಸಂಘದ ಪುಸ್ತಕದಲ್ಲಿ ಲೆಕ್ಕ ಬರೆಯಲು ಕಲಿತದ್ದು ಅವರಿಗೆ ಈಗಲೂ ನೆನಪಿದೆ. "ಹಣಕ್ಕಿಂತ ಆ ಪುಸ್ತಕವೇ ನನಗೆ ಉಪಕಾರ ಆದದ್ದು" ಎಂದರು.

2020ರ ಮೇ ತಿಂಗಳನ್ನು ಇಲ್ಲಿಯವರು ಮರೆಯುವುದಿಲ್ಲ. ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತದ್ದು ಇದೇ ಷಿಕಾಗೋ ಅವೆನ್ಯೂದಲ್ಲಿ, ದಕ್ಷಿಣಕ್ಕೆ ಒಂದು ಮೈಲಿ ದೂರದಲ್ಲಿ. ಆಮೇಲಿನ ರಾತ್ರಿಗಳ ಗಲಭೆಯಲ್ಲಿ ಲೇಕ್ ಸ್ಟ್ರೀಟಿನ ಎಷ್ಟೋ ಅಂಗಡಿಗಳು ಸುಟ್ಟುಹೋದವು. ವಲಸೆ ಬಂದವರ ಅಂಗಡಿಗಳೂ ಅದರಲ್ಲಿ ತುಂಬ ಇದ್ದವು. ಆ ದಿನಗಳಲ್ಲಿ ಕೋವಿಡ್ ಬೇರೆ. ಮಾರ್ಕೆಟ್ ಮತ್ತೆ ತೆರೆದುಕೊಂಡಿತು. ಇವತ್ತು ಅಲ್ಲಿ ಕೂತು ಚಹಾ ಕುಡಿಯುವುದೇ ನನಗೆ ದೊಡ್ಡ ಸಂತೋಷ.

ಹೋಗುವವರಿಗೆ ಎರಡು ಮಾತು. ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ, ಆಗ ಹೆಚ್ಚು ಅಂಗಡಿಗಳು ತೆರೆದಿರುತ್ತವೆ. ಒಂದೇ ಕಡೆ ಹೊಟ್ಟೆ ತುಂಬಿಸಬೇಡಿ, ಸ್ವಲ್ಪ ಸ್ವಲ್ಪ ತಿಂದು ನೋಡಿ. ಸೈಕಲ್ ಇದ್ದರೆ ಹಿಂಬದಿಯಲ್ಲೇ ಮಿಡ್‌ಟೌನ್ ಗ್ರೀನ್‌ವೇ ದಾರಿ ಹಾದುಹೋಗುತ್ತದೆ. ನಮಗೆ ಮೂವರಿಗೆ ನಲವತ್ತು ಡಾಲರ್ ಒಳಗೆ ಮುಗಿಯಿತು.

ಮುಂದಿನ ಶನಿವಾರ ಮತ್ತೆ ಹೋಗುತ್ತೇವೆ. ಊರಿನಿಂದ ತಂದ ಮಾವಿನ ಮಿಡಿ ಉಪ್ಪಿನಕಾಯಿಯನ್ನು ಅಮ್ಮ ಆಗಲೇ ಚಿಕ್ಕ ಡಬ್ಬಿಗೆ ತುಂಬಿಸಿ ಇಟ್ಟಿದ್ದಾರೆ, ಆ ಚಹಾದ ಹೆಂಗಸಿಗೆ ಕೊಡಲಿಕ್ಕೆ.