‘ಭೂಕಂಪ ನಿರೋಧಕ ಬ್ಲಾಕ್’ ಎಂಬ ಮಾತನ್ನು ನಂಬಿ ಕೆಟ್ಟೆ, ನೀವು ಕೆಡಬೇಡಿ

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ನಾಚಿಕೆಯ ಈ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಮೋಸಹೋದದ್ದು ನಾನೇ ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುವ ‘ಬಲ ಎಂದರೆ ರಾಶಿ ಗುಣಿಸು ವೇಗೋತ್ಕರ್ಷ’ ಎಂಬ ಸೂತ್ರದಿಂದ.

ವಿಜಯಪುರದಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸಲು ಹೊರಟಾಗ ಭೂಕಂಪದ ಅಂಜಿಕೆ ನಮ್ಮ ಮನೆಯಲ್ಲಿ ಎಲ್ಲರಿಗೂ ಇತ್ತು. 2021 ಮತ್ತು 2022ರಲ್ಲಿ ಈ ಜಿಲ್ಲೆಯಲ್ಲಿ ನೆಲ ಮತ್ತೆ ಮತ್ತೆ ನಡುಗಿದ್ದನ್ನು ನಾವು ಮರೆತಿರಲಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಕಲ್ಲುಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆಯೇ ಕುಸಿದದ್ದನ್ನು ನಮ್ಮ ತಾಯಿ ಇಂದಿಗೂ ನೆನೆಯುತ್ತಾರೆ. ಬ್ಲಾಕ್ ಮಾರುವವರು ಈ ಅಂಜಿಕೆಯನ್ನೇ ಹಿಡಿದರು. “ನೀವ ಹೇಳ್ರಿ ಸರ್, ಗ್ವಾಡಿ ತೂಕ ಕಡಿಮಿ ಆದ್ರ ಭೂಕಂಪದ ಹೊಡ್ತಾನೂ ಕಡಿಮಿ ಅಲ್ಲೇನ್ರಿ?” ಎಂದು ನನ್ನನ್ನೇ ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಈಗಲೂ ಆ ತಲೆಯಾಡಿಸಿದ್ದು ನೆನಪಾದರೆ ಮೈಯೆಲ್ಲ ಉರಿಯುತ್ತದೆ.

ಅವರು ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. ಸುಟ್ಟ ಇಟ್ಟಿಗೆಯ ಒಂಬತ್ತು ಇಂಚಿನ ಗೋಡೆ ಒಂದು ಚದರ ಮೀಟರಿಗೆ ಸುಮಾರು 400 ಕಿಲೋ ತೂಗಿದರೆ, ಎಎಸಿ ಎಂಬ ಹಗುರ ಕಾಂಕ್ರೀಟಿನ ಒಳ್ಳೆಯ ಬ್ಲಾಕಿನ ಎಂಟು ಇಂಚಿನ ಗೋಡೆ ಅದರ ಮೂರನೇ ಒಂದು ಭಾಗದಷ್ಟೂ ತೂಗದಿರಬಹುದು, ಆದ್ದರಿಂದ ಕಾಲಂ ಮತ್ತು ಬೀಮ್‌ಗಳ ಮೇಲೆ ಬೀಳುವ ಭೂಕಂಪದ ಬಲವೂ ಇಳಿಯುತ್ತದೆ. ಆದರೆ ಗೋಡೆ ಹಗುರವಾದ ಮಾತ್ರಕ್ಕೆ ಅದು ಚೌಕಟ್ಟಿನಿಂದ ಕಳಚಿಕೊಂಡು ಅಡ್ಡಡ್ಡವಾಗಿ ಹಾಸಿಗೆಯ ಮೇಲೆ ಬೀಳುವುದಿಲ್ಲವೆಂದು ಯಾರು ಹೇಳಿದರು? ಹಾಗೆ ಬೀಳದಂತೆ ತಡೆಯುವುದು ಕಾಲಂನಿಂದ ಗೋಡೆಯ ಸಾಲುಗಳೊಳಕ್ಕೆ ಚಾಚುವ ಕಬ್ಬಿಣದ ಕಡ್ಡಿಗಳು ಮತ್ತು ಗೋಡೆಯ ನಡುವೆ ಹಾಯುವ ತೆಳು ಕಾಂಕ್ರೀಟ್ ಪಟ್ಟಿ. ಎಂಜಿನಿಯರ್ ಬರೆದ ನಕ್ಷೆಯಲ್ಲಿ ಎರಡೂ ಇದ್ದವು. ಗುತ್ತಿಗೆದಾರರು “ಇದು ಹಗುರ ಬ್ಲಾಕ್ ಐತ್ರಿ, ಪಟ್ಟಿ ಗಿಟ್ಟಿ ಯಾಕ್ ಬೇಕ್ರಿ” ಎಂದರು, ಮಾರುವವರು ಪಕ್ಕದಲ್ಲಿ ನಿಂತು ಹೂಂಗುಟ್ಟಿದರು, ನಾನೂ ಸುಮ್ಮನಾದೆ. ಗುತ್ತಿಗೆ ಚದರ ಅಡಿ ಲೆಕ್ಕದ್ದು. ಉಳಿದ ಕಬ್ಬಿಣದ ದುಡ್ಡು ಯಾರ ಕಿಸೆ ಸೇರಿತೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಗಿಲಾವು ಮಾಡಿದ ಕೆಲವೇ ತಿಂಗಳಲ್ಲಿ ಕಿಟಕಿಗಳ ಮೂಲೆಯಿಂದ ಓರೆ ಬಿರುಕು ಎದ್ದವು. ಸಂಬಂಧಿಕರಲ್ಲೊಬ್ಬ ಎಂಜಿನಿಯರ್ ಬಂದು ನೋಡಿದರು. ಮೇಲಿನ ಕೋಣೆಯಲ್ಲಿ ಕಾಲಂ ಮತ್ತು ಗೋಡೆ ಕೂಡುವ ಕಡೆ ಗಿಲಾವನ್ನು ಕೆರೆದು, ನನ್ನ ಮಗಳ ಕಂಪಾಸಿನೊಳಗಿನ ಸ್ಟೀಲ್ ಅಳತೆಪಟ್ಟಿಯನ್ನು ಸಂದಿಗೆ ತೂರಿಸಿದರು. ಅದು ಎಲ್ಲಿಯೂ ತಡೆಯದೆ ಒಳಗೆ ಹೋಯಿತು. ಪೂರ್ತಿ ಹೋಯಿತು. ಗಾರೆ ಇರಲಿಲ್ಲ, ಕಡ್ಡಿ ಇರಲಿಲ್ಲ, ಏನೂ ಇರಲಿಲ್ಲ. ಬಳಿಕ ಅವರು ಸ್ನಾನದ ಕೋಣೆಯ ನಾಲ್ಕು ಇಂಚಿನ ಗೋಡೆಗೆ ಅಂಗೈ ಒತ್ತಿದರು, ಗೋಡೆ ಅಲುಗಿದ್ದು ನನ್ನ ಕಣ್ಣಿಗೇ ಕಂಡಿತು. ಅವರು ಒಂದು ಮಾತೂ ಆಡಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು.

ಇದಕ್ಕಿಂತ ದೊಡ್ಡ ಪೆಟ್ಟು ಬ್ಲಾಕಿನದೇ. ಎಎಸಿ ಎಂದರೆ ಅಲ್ಯೂಮಿನಿಯಂ ಪುಡಿಯಿಂದ ಉಬ್ಬಿಸಿ, ಸುಮಾರು 180ರಿಂದ 200 ಡಿಗ್ರಿ ಬಿಸಿಯ ಒತ್ತಡದ ಹಬೆಯಲ್ಲಿ ಬೇಯಿಸಿದ ಬ್ಲಾಕ್. ಎಎಸಿ ಎಂದೇ ನಂಬಿದ್ದ ನನಗೆ ಬಂದದ್ದು ಸಿಮೆಂಟಿಗೆ ನೊರೆ ಕಲಸಿ ಅಚ್ಚಿಗೆ ಹೊಯ್ದು ಒಣಗಿಸಿದ ಸಿಎಲ್‌ಸಿ. ಅದು ಒಣಗುತ್ತ ಹೆಚ್ಚು ಕುಗ್ಗುತ್ತದೆ, ಆದ್ದರಿಂದಲೇ ಆ ಬಿರುಕುಗಳು. ಭಾರತೀಯ ಮಾನಕವಾದ ಐಎಸ್ 2185ರ ಮೂರನೇ ಭಾಗವು ಘನ ಮೀಟರಿಗೆ 551ರಿಂದ 650 ಕಿಲೋ ಸಾಂದ್ರತೆಯ ಎಎಸಿ ಬ್ಲಾಕಿಗೆ ಕೆಳದರ್ಜೆಯಲ್ಲಿಯೂ ಚದರ ಮಿಲಿಮೀಟರಿಗೆ 3 ನ್ಯೂಟನ್ ಒತ್ತಡ ತಾಳುವ ಬಲ ಕೇಳುತ್ತದೆ. ಉಳಿದಿದ್ದ ಬ್ಲಾಕ್‌ಗಳನ್ನು ಪ್ರಯೋಗಾಲಯಕ್ಕೆ ಒಯ್ದಾಗ 2 ಸಹ ಮುಟ್ಟಲಿಲ್ಲ.

ಬ್ಲಾಕ್ ಮಾರಿದವರಿಗೆ ಫೋನ್ ಮಾಡಿದೆ. “ಬಿಲ್ ನೋಡ್ರಿ ಸರ್, ಎಎಸಿ ಅಂತ ಎಲ್ಲಿ ಬರ್ದೀವ್ರಿ?” ನೋಡಿದೆ. ‘ಲೈಟ್ ವೇಟ್ ಬ್ಲಾಕ್’ ಎಂದಷ್ಟೇ ಇತ್ತು. ಭೂಕಂಪ ನಿರೋಧಕ ಎಂದಿರಲ್ಲ ಎಂದರೆ, “ಬ್ಲಾಕ್ ಗಟ್ಟೀನ ಅದಾವ್ರಿ, ಕಟ್ಟಿದವ್ರನ್ನ ಕೇಳ್ರಿ” ಎಂಬ ಉತ್ತರ. ಕಟ್ಟಿದವರನ್ನು ಕೇಳಿದರೆ, “ನೀವು ಕಲಿತವ್ರು, ನೀವ ಒಪ್ಪಿದ್ರಲ್ರಿ” ಎಂದರು. ನಾನು ಒಪ್ಪಿದ್ದೆ. ಅದೇ ಸಂಕಟ.

ಬ್ಲಾಕ್ ಕೊಳ್ಳುವ ಮೊದಲು ಬಿಲ್ಲಿನಲ್ಲಿ ಎಎಸಿ ಎಂದೂ ಐಎಸ್ ಸಂಖ್ಯೆಯನ್ನೂ ಬರೆಸಿಕೊಳ್ಳಿ, ಲಾರಿಯಿಂದ ಇಳಿಸಿದ ದಿನವೇ ನಾಲ್ಕು ಬ್ಲಾಕ್ ಪರೀಕ್ಷೆಗೆ ಒಯ್ಯಿರಿ. ಕಾಲಂನಿಂದ ಹೊರಟ ಕಡ್ಡಿಗಳನ್ನು ಗಿಲಾವಿಗೆ ಮೊದಲು ನೀವೇ ನಿಂತು ಎಣಿಸಿ, ಎಣಿಸುವವರೆಗೆ ಕಂತು ಕೊಡಬೇಡಿ. ನಾನು ಕೊನೆಯ ಕಂತನ್ನೂ ಗೃಹಪ್ರವೇಶದ ಹಿಂದಿನ ದಿನ ಶಾಲು ಹೊದಿಸಿ ಕೊಟ್ಟಿದ್ದೆ. ಈಗ ಸ್ನಾನದ ಕೋಣೆಯ ಗೋಡೆಯನ್ನು ಒಡೆಸುತ್ತಿದ್ದೇನೆ, ಮೇಲಿನ ಕೋಣೆಯಲ್ಲಿ ಯಾರನ್ನೂ ಮಲಗಿಸುತ್ತಿಲ್ಲ.