ಅಜ್ಜನ ಊರಿಗೆ ಬಂದು ಸೇವೆ ಮಾಡ್ಬೇಕು ಅಂತ ಇದ್ರೆ ಯಾವ ದಾರಿ ಒಳ್ಳೇದು? ಕಾಸರಗೋಡಿನಲ್ಲಿ ನಾನು ಮಾಡಿ ನೋಡಿದ್ದು

ಮೂಲ ಕಾಸರಗೋಡು, ಆದ್ರೆ ಹುಟ್ಟಿ ಬೆಳೆದದ್ದು ಮುಂಬಯಿ, ಬೆಂಗಳೂರು, ದುಬೈ ಅಂತ ಇರುವ ನಮ್ಮವರು ತುಂಬಾ ಜನ ಕೇಳ್ತಾ ಇರ್ತಾರೆ, ಊರಿಗೆ ಬಂದು ಬಡವರಿಗೆ ಉಪಯೋಗ ಆಗುವ ಹಾಗೆ ಸ್ವಲ್ಪ ಸಮಯ ಕೆಲಸ ಮಾಡ್ಬೇಕು ಅಂತ ಆಸೆ ಉಂಟು, ಯಾರನ್ನ ಕೇಳೋದು, ಎಲ್ಲಿಗೆ ಹೋಗೋದು ಅಂತ. ನಾನೂ ಹಾಗೇ ಬಂದವಳು. ಬೆಳೆದದ್ದು ಡೊಂಬಿವಲಿಯಲ್ಲಿ, ಅಪ್ಪನ ತರವಾಡು ಮನೆ ಪೆರ್ಲದಿಂದ ಒಳಗೆ, ಎಣ್ಮಕಜೆ ಪಂಚಾಯತಿನಲ್ಲಿ. ಮನೆಯಲ್ಲೇ ಕೂತು ಆಫೀಸ್ ಕೆಲಸ ಮಾಡ್ಬಹುದು ಅಂತ ಆದ ಮೇಲೆ ವರ್ಷದಲ್ಲಿ ಜಾಸ್ತಿ ಸಮಯ ಇಲ್ಲೇ ಇರ್ತೇನೆ. ಸಿಟಿಯವರು ಮಾಡುವ ಸೇವಾ ಟ್ರಿಪ್, ಬಡ್ಸ್ ಸ್ಕೂಲ್, ಕೊರಗ ಬುಡಕಟ್ಟಿನವರ ಮಕ್ಕಳಿಗೆ ಸಂಜೆ ಪಾಠ, ಹಾಸಿಗೆ ಹಿಡಿದವರನ್ನ ಮನೆಗೇ ಹೋಗಿ ನೋಡುವ ಪಂಚಾಯತಿನ ಪಾಲಿಯೇಟಿವ್ ಟೀಮ್, ಮತ್ತೆ ಪೆನ್ಶನ್ ಸರ್ಟಿಫಿಕೇಟ್ ಅಂತ ಜನರ ಅರ್ಜಿ ಕೆಲಸಕ್ಕೆ ಓಡಾಡೋದು, ಇಷ್ಟನ್ನೂ ಮಾಡಿ ನೋಡಿದ್ದೇನೆ.

ಮೊದ್ಲೇ ಹೇಳಿಬಿಡ್ತೇನೆ, ನನ್ನ ಲೆಕ್ಕದಲ್ಲಿ ಅರ್ಜಿ ಕೆಲಸವೇ ಮೊದಲು, ಪಾಲಿಯೇಟಿವ್ ಅದರ ಹಿಂದೆಯೇ, ಟ್ರಿಪ್ ಎಲ್ಲದಕ್ಕಿಂತ ಕೆಳಗೆ. ಯಾಕೆ ಅಂತ ಹೇಳ್ಬೇಕಾದ್ರೆ ನಮ್ಮ ಕಡೆಯ ಪರಿಸ್ಥಿತಿ ಸ್ವಲ್ಪ ಗೊತ್ತಿರ್ಬೇಕು. ಇಲ್ಲಿಯ ಗೇರುತೋಟಗಳಿಗೆ, ಸುಮಾರು 4,600 ಹೆಕ್ಟೇರ್, ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್‌ನವರು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆಸಿದ್ರು. ಪಡ್ರೆ, ಸ್ವರ್ಗ, ವಾಣಿನಗರ ಈ ಕಡೆ ಎಲ್ಲ ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ಮೇಲೆ ಹೊಡೆದದ್ದು ತೋಡಿಗೆ, ಗುಡ್ಡ ಕೊರೆದು ಮಾಡಿದ ಸುರಂಗದ ನೀರಿಗೆ ಇಳಿದು ಬರ್ತಿತ್ತು. ಹನ್ನೊಂದು ಪಂಚಾಯತುಗಳನ್ನ ಸರಕಾರವೇ ಬಾಧಿತ ಅಂತ ಗುರುತಿಸಿದೆ, ಎಣ್ಮಕಜೆ, ಬದಿಯಡ್ಕ, ಕುಂಬಡಾಜೆ, ಬೆಳ್ಳೂರು ಎಲ್ಲ ಅದರಲ್ಲಿ ಬರ್ತದೆ. ಹಾಗಾಗಿ ನಮ್ಮಲ್ಲಿ ಬಡತನ ಅಂದ್ರೆ ಕೂಲಿ ಇಲ್ಲ, ಜಾಗ ಇಲ್ಲ ಅನ್ನೋದು ಮಾತ್ರ ಅಲ್ಲ, ಮನೆಯಲ್ಲಿ ಎದ್ದು ನಿಲ್ಲಲಿಕ್ಕೆ ಆಗದ ಮಗ ಅಥವಾ ಮಗಳು ಇದ್ದು ಅವರನ್ನ ಬಿಟ್ಟು ಕೂಲಿಗೆ ಹೋಗ್ಲಿಕ್ಕೆ ಆಗದ ಅಮ್ಮ ಇರ್ತಾಳೆ. ಅದರ ಮೇಲೆ ಮನೆಯ ಮಾತು ತುಳು, ಕನ್ನಡ, ಮರಾಟಿ, ಆಫೀಸಿನ ಕಾಗದ ಮಲಯಾಳ.

ಟ್ರಿಪ್ಪಿನ ವಿಷ್ಯ ಬೇಗ ಮುಗಿಸ್ತೇನೆ. ದೊಡ್ಡ ಊರಿನ ಒಂದು ಗುಂಪಿನವರು ಫೀಸ್ ತಗೊಂಡು ಶನಿವಾರ ಭಾನುವಾರಕ್ಕೆ ಕರ್ಕೊಂಡು ಬರ್ತಾರೆ, ಶಾಲೆಯ ಗೋಡೆಗೆ ಪೇಂಟ್, ಮಕ್ಕಳಿಗೆ ಬ್ಯಾಗು, ಫೋಟೋ. ಬ್ಯಾಗು ಬೇಡ ಅಂತ ನಾನು ಹೇಳೋದಿಲ್ಲ, ಬಂದವರಲ್ಲಿ ಕೆಲವರು ನಿಜವಾಗಿ ಒಳ್ಳೆ ಮನಸ್ಸಿನವರು. ಆದ್ರೆ ಸಂಜೆ ಕೊರಗರ ಮನೆಗಳ ಹತ್ತಿರ ಕರ್ಕೊಂಡು ಹೋಗಿ ಅಲ್ಲಿಯ ಗಂಡಸರ ಹತ್ರ ಡೋಲು ಬಾರಿಸಿ, ಗೆಸ್ಟ್‌ಗಳು ನೋಡ್ಬೇಕಂತೆ ಅಂತ ಕೇಳಿದ್ರಲ್ಲ, ಅದು ನನಗೆ ಇವತ್ತಿಗೂ ಸಹಿಸ್ಲಿಕ್ಕೆ ಆಗೋದಿಲ್ಲ. ಅಜಲು ಅನ್ನುವ ಹಳೆ ಪದ್ಧತಿಯ ಹೆಸರು ಹೇಳಿ ಆ ಜನರನ್ನ ಎಷ್ಟು ಕಾಲ ಹೇಗೆ ನಡೆಸಿಕೊಂಡಿದ್ದಾರೆ, ಉಗುರು ಕೂದಲು ಕಲೆಸಿದ ಅನ್ನ ತಿನ್ನಿಸಿದ್ದಾರೆ, ಅದನ್ನ ನಿಲ್ಲಿಸ್ಲಿಕ್ಕೆ ಕರ್ನಾಟಕದಲ್ಲಿ 2000ದಲ್ಲಿ ಕಾನೂನೇ ತರಬೇಕಾಯ್ತು. ಅವರು ಅವರ ಖುಷಿಗೆ, ಅವರ ಹಬ್ಬಕ್ಕೆ ಬಾರಿಸೋದು ಬೇರೆ, ನಾವು ಬಸ್ಸಿನಿಂದ ಇಳಿದು ಬಾರಿಸಿ ಅನ್ನೋದು ಬೇರೆ. ಇಂಥ ಟ್ರಿಪ್ಪಿಗೆ ಕೊಡುವ ದುಡ್ಡು ಪಾಲಿಯೇಟಿವ್‌ನವರ ಜೀಪಿನ ಡೀಸೆಲಿಗೆ ಕೊಡಿ ಅಂತ ನಾನು ಎಲ್ಲರ ಹತ್ರ ಹೇಳ್ತೇನೆ.

ಬಡ್ಸ್ ಸ್ಕೂಲ್ ಅಂದ್ರೆ ಬುದ್ಧಿ ಬೆಳವಣಿಗೆ ಕಮ್ಮಿ ಇರುವ ಮಕ್ಕಳಿಗೆ ಪಂಚಾಯತು ಮತ್ತೆ ಕುಟುಂಬಶ್ರೀ ಮಹಿಳಾ ಸಂಘದವರು ನಡೆಸೋದು. 2004ರಲ್ಲಿ ತಿರುವನಂತಪುರದ ವೆಂಙಾನೂರಿನಲ್ಲಿ ಶುರುವಾದದ್ದು, ನಮ್ಮ ಕಡೆ ಎಂಡೋಸಲ್ಫಾನ್ ಬಾಧಿತ ಪಂಚಾಯತುಗಳಲ್ಲಿ ಉಂಟು. ಅಲ್ಲಿಯ ಟೀಚರ್ ಮತ್ತೆ ಆಯಾ ಮಾಡುವ ಕೆಲಸ ನೋಡಿದ್ರೆ ಕೈ ಮುಗಿಬೇಕು, ಊಟ ಮಾಡಿಸೋದು, ಬಾತ್‌ರೂಮಿಗೆ ಕರ್ಕೊಂಡು ಹೋಗೋದು, ಕಾಲು ನೇರ ಮಾಡಿಸೋದು, ಬೆಳಿಗ್ಗೆ ಶುರು ಆದ್ರೆ ಗಾಡಿ ಬಂದು ಮಕ್ಕಳು ಹೋಗುವ ತನಕ ಕೂರ್ಲಿಕ್ಕೆ ಇಲ್ಲ. ವಾಲಂಟಿಯರ್ ಅಂತ ಹೋದ್ರೆ ಬೇಡ ಅನ್ನೋದಿಲ್ಲ. ಆದ್ರೆ ಆ ಮಕ್ಕಳಿಗೆ ದಿನಾ ಒಂದೇ ಮುಖ, ಒಂದೇ ಕ್ರಮ ಬೇಕು, ಹೊಸಬರು ಬಂದು ಹೊಂದಿಕೊಳ್ಳುವಾಗ ವಾಪಸ್ ಹೋದ್ರೆ ಮತ್ತೆ ಊಟಕ್ಕೆ ಹಟ ಮಾಡ್ತಾರೆ, ಅದನ್ನ ಸರಿ ಮಾಡುವ ಕೆಲಸ ಪುನಃ ಆಯಾದ ತಲೆಗೇ ಬರ್ತದೆ. ನೀವು ಫಿಸಿಯೋಥೆರಪಿ, ಸ್ಪೀಚ್ ಥೆರಪಿ ಕಲಿತವರಾಗಿದ್ದು ತುಳುವೋ ಕನ್ನಡವೋ ಬರ್ತದೆ ಅಂತಾದ್ರೆ ಬೇರೆ ಏನೂ ಯೋಚನೆ ಮಾಡ್ಬೇಡಿ, ಸೀದಾ ಅಲ್ಲಿಗೇ ಹೋಗಿ, ನಿಮ್ಮಂಥವರು ಸಿಗೋದೇ ಇಲ್ಲ. ಇಲ್ಲದಿದ್ರೆ ವರ್ಷಗಟ್ಲೆ ಇಲ್ಲೇ ಇರುವವರಿಗೆ ಮಾತ್ರ ಅದು.

ಕೊರಗರ ಮಕ್ಕಳ ಸಂಜೆ ಪಾಠ ನನಗೆ ತುಂಬಾ ಇಷ್ಟ ಆದ ಕೆಲಸ. ಟ್ರೈಬಲ್ ಡಿಪಾರ್ಟ್‌ಮೆಂಟಿನ ಸಾಮೂಹ್ಯ ಪಠನಮುರಿ, ಅಂದ್ರೆ ಸಮುದಾಯದ ಓದುವ ಕೋಣೆ, ಅಂತ ಕೆಲವು ಕಡೆ ಉಂಟು, ಅದೇ ಸಮುದಾಯದಲ್ಲಿ ಓದಿದ ಹುಡುಗಿಯನ್ನೇ ಅಲ್ಲಿ ಟ್ಯೂಟರ್ ಮಾಡ್ತಾರೆ, ನಾವು ಆ ಹುಡುಗಿಯ ಸಹಾಯಕ್ಕೆ ಕೂರೋದು. ಮಕ್ಕಳು ಮನೆಯಲ್ಲಿ ತುಳು ಮಾತಾಡ್ತಾರೆ, ಶಾಲೆ ಕನ್ನಡ ಮೀಡಿಯಂ, ಆದ್ರೆ ಕೆಲವು ಕಡೆ ಕನ್ನಡ ಮೀಡಿಯಂಗೇ ಕನ್ನಡ ಬಾರದ ಟೀಚರನ್ನ ಹಾಕಿ ಜನ ಗಲಾಟೆ ಮಾಡಿದ್ದು ನಿಮಗೂ ಗೊತ್ತಿರಬಹುದು. ಇದರ ಪರಿಣಾಮ ಸಂಜೆ ನಮ್ಮೆದುರು ಕೂತ ಮಗುವಿನ ನೋಟ್‌ಬುಕ್ಕಿನಲ್ಲಿ ಕಾಣ್ತದೆ. ಬೋರ್ಡಿನಲ್ಲಿ ಇದ್ದದ್ದನ್ನ ಗೀಟು ಬಿಡದೆ ಚಂದಕ್ಕೆ ಬರ್ಕೊಂಡಿರ್ತದೆ, ಇದು ಎಂತ ಪುಟ್ಟ ಅಂತ ಕೇಳಿದ್ರೆ ಸುಮ್ಮನೆ ನಮ್ಮ ಮುಖ ನೋಡ್ತದೆ, ಅದೇ ಲೆಕ್ಕ ತುಳುವಿನಲ್ಲಿ ಹೇಳಿದ್ರೆ ನಾವು ಮುಗಿಸುವ ಮೊದಲು ಉತ್ತರ ಬರ್ತದೆ. ಹಾಗಾಗಿ ತುಳು ಗೊತ್ತಿದ್ದವರಿಗೆ ಇಲ್ಲಿ ಬೆಲೆ ಜಾಸ್ತಿ. ಕಷ್ಟ ಎಂತ ಅಂದ್ರೆ ಹಾಜರಿ. ಅಡಿಕೆ ಸುಲಿಯುವ ಸೀಸನ್ನಿನಲ್ಲಿ ಅಮ್ಮಂದಿರು ಹೊರಗೆ ಹೋದ್ರೆ ದೊಡ್ಡ ಮಕ್ಕಳು ಸಣ್ಣವರನ್ನ ನೋಡ್ಕೊಂಡು ಮನೆಯಲ್ಲೇ ಇರ್ತಾರೆ, ಮಳೆ ಜೋರಾದ್ರೆ ಕರೆಂಟ್ ಇಲ್ಲ. ಬುಟ್ಟಿ ಹೆಡಿಗೆಯಲ್ಲಿ ಬದುಕುವ ಮನೆಗಳಿಗೆ ಈಗ ಕಾಡಿನಲ್ಲಿ ಬಳ್ಳಿಯೂ ಸರಿ ಸಿಗೋದಿಲ್ಲ, ಪೇಟೆಯಲ್ಲಿ ಪ್ಲಾಸ್ಟಿಕ್ ಬಂದು ಕೂತಿದೆ, ಕೂಲಿಗೆ ಹೋಗದೆ ಆಗೋದಿಲ್ಲ, ಪಾಠಕ್ಕೆ ಕಳಿಸಿ ಅಂತ ಅವರಿಗೆ ಬುದ್ಧಿ ಹೇಳ್ಲಿಕ್ಕೆ ನಾವು ಯಾರು? ಮತ್ತೆ ಆ ಟ್ಯೂಟರ್ ಹುಡುಗಿಯನ್ನ ಬದಿಗೆ ಸರಿಸಿ ನಾವೇ ಟೀಚರ್ ಆಗಿಬಿಡೋದು ಸುಲಭ, ಅದು ಆಗಬಾರದು, ನಾವು ಹೋದ ಮೇಲೆಯೂ ಅಲ್ಲಿ ಇರುವವಳು ಅವಳು.

ಪಾಲಿಯೇಟಿವ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೇನೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಶುರುವಾದ ಕೆಲಸ, 2008ರಲ್ಲಿ ಕೇರಳ ಸರಕಾರ ಇದಕ್ಕೆ ಅಂತಲೇ ಪಾಲಿಸಿ ಮಾಡಿತು, ಇಡೀ ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ. ಈಗ ಪಂಚಾಯತಿನ ಆಸ್ಪತ್ರೆಗೆ ಒಬ್ಬರು ಪಾಲಿಯೇಟಿವ್ ನರ್ಸ್ ಇರ್ತಾರೆ, ಅವರು ಆಶಾ ಅಕ್ಕನನ್ನ ಕರ್ಕೊಂಡು ಜೀಪಿನಲ್ಲಿ ಹಾಸಿಗೆ ಹಿಡಿದವರ ಮನೆಮನೆಗೆ ಹೋಗ್ತಾರೆ. ವಾಲಂಟಿಯರ್‌ಗೆ ಮೊದಲು ಟ್ರೈನಿಂಗ್ ಉಂಟು, ಆಮೇಲೆ ಅವರೊಟ್ಟಿಗೆ ಹೋಗ್ಬಹುದು. ಹುಣ್ಣು ಡ್ರೆಸ್ ಮಾಡೋದು, ಟ್ಯೂಬ್ ಬದಲಿಸೋದು ಸಿಸ್ಟರ್ ಕೆಲಸ, ನಮ್ಮದು ಮಗ್ಗುಲು ಬದಲಿಸುವಾಗ ಹಿಡಿಯೋದು, ಉಗುರು ತೆಗೆಯೋದು, ರಿಜಿಸ್ಟರ್ ಬರೆಯೋದು, ಮಾತಾಡೋದು.

ಒಂದು ಮನೆ ಹೇಳ್ತೇನೆ. ಗುಡ್ಡೆಯ ಮೇಲೆ, ಜೀಪು ಕೆಳಗೇ ನಿಲ್ಲಿಸಿ ಅಡಿಕೆ ತೋಟದ ಬದುವಿನಲ್ಲಿ ನಡೆದು ಹೋಗ್ಬೇಕು. ಮಗ ದೊಡ್ಡವನು, ಗಡ್ಡ ಬಂದಿದೆ, ಆದ್ರೆ ಹುಟ್ಟಿದಲ್ಲಿಂದ ಮಲಗಿಯೇ. ಸೊಂಟದ ಕೆಳಗೆ ಹುಣ್ಣು ಆಗಬಾರದು ಅಂತ ಅಮ್ಮ ಎರಡೆರಡು ಗಂಟೆಗೆ ಎದ್ದು ಮಗ್ಗುಲು ಬದಲಿಸ್ತಾಳೆ, ರಾತ್ರಿ ಕೂಡ. ಸಿಸ್ಟರ್ ಕೆಲಸ ಮುಗಿಸಿ ಮೇಲಿನ ಮನೆಗೆ ಹೋದ್ರು, ನಾನು ಅಲ್ಲೇ ಕೂತೆ. ಅಕ್ಕಾ ನೀವು ಇರ್ತೀರಾ ಅಂತ ಕೇಳಿ ಆ ಅಮ್ಮ ರೇಶನ್ ಕಾರ್ಡು ಹಿಡ್ಕೊಂಡು ಚಪ್ಪಲಿ ಮೆಟ್ಟಿ ಹೊರಟೇ ಬಿಟ್ರು, ವಾಪಸ್ ಬಂದು ತಲೆಗೆ ಎಣ್ಣೆ ಹಾಕಿ ಬಿಸಿನೀರಿನಲ್ಲಿ ಮಿಂದು ಬಂದ್ರು, ಮತ್ತೆ ಅಂಗಳದಲ್ಲಿ ಸ್ವಲ್ಪ ಹೊತ್ತು ಬಿಸಿಲಿಗೆ ಕೂತ್ರು. ನಾನು ಮಾಡಿದ್ದು ಎಂತದೂ ಇಲ್ಲ, ಅವನ ಹತ್ರ ಕೂತು ನೊಣ ಓಡಿಸಿದ್ದು, ಆಗಾಗ ಬಾಯಿ ಒರೆಸಿದ್ದು. ಆದ್ರೆ ಇಷ್ಟನ್ನ ಮಾಡ್ಲಿಕ್ಕೆ ಊರಿನಲ್ಲಿ ಯಾರಿಗೂ ಪುರುಸೊತ್ತು ಇರೋದಿಲ್ಲ. ಹೊರಗಿನಿಂದ ಬರುವ ನಮ್ಮ ಹತ್ರ ಇರೋದು ಪುರುಸೊತ್ತೇ. ಮನಸ್ಸು ಗಟ್ಟಿ ಬೇಕು, ವಾಸನೆ, ನರಳುವಿಕೆ, ಸಾವು ಎಲ್ಲ ನೋಡ್ಬೇಕಾಗ್ತದೆ, ಹೋಗ್ತಾ ಇದ್ದ ಮನೆಗೆ ಒಂದು ದಿನ ಹೋಗ್ಲಿಕ್ಕಿಲ್ಲ ಅಂತ ಆಗ್ತದೆ. ಅದು ಆಗುವವರಿಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ.

ಆದ್ರೂ ಅರ್ಜಿ ಕೆಲಸ ಮೊದಲು ಅಂದೆ. ಕಾರಣ ಇಷ್ಟೇ, ಆ ಅಮ್ಮನಿಗೆ ಆಶ್ವಾಸಕಿರಣಂ ಅನ್ನುವ ಸರಕಾರಿ ಸ್ಕೀಮಿನಲ್ಲಿ ತಿಂಗಳಿಗೆ 600 ರೂಪಾಯಿ ಬರ್ಬೇಕು, ಹಾಸಿಗೆ ಹಿಡಿದವರನ್ನ ನೋಡ್ಕೊಳ್ಳುವವರಿಗೆ ಅಂತಲೇ ಇರೋದು, ಎಂಡೋಸಲ್ಫಾನ್ ಪಟ್ಟಿಯಲ್ಲಿ ಇದ್ದವರಿಗೆ ಸ್ನೇಹಸಾಂತ್ವನಂ ಪೆನ್ಶನ್ ಬೇರೆ ಉಂಟು. ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಒಬ್ಬೊಬ್ಬರಿಗೆ ಐದು ಲಕ್ಷ ಮೂರು ತಿಂಗಳ ಒಳಗೆ ಕೊಡಿ ಅಂತ ಹೇಳಿತು, 2022ರ ಮೇಯಲ್ಲಿ ಅದೇ ಕೋರ್ಟಿನ ಎದುರು ಲೆಕ್ಕ ಬಂದಾಗ 3,704 ಜನರಲ್ಲಿ ಸಿಕ್ಕಿದ್ದು ಎಂಟು ಜನರಿಗೆ. ಆಮೇಲೆ ಕೊಡ್ಲಿಕ್ಕೆ ಶುರು ಮಾಡಿದಾಗ ಅದಕ್ಕೂ ಆನ್‌ಲೈನ್ ಅರ್ಜಿ. ಹಕ್ಕು ಇದ್ದೂ ಕೈಗೆ ಬಾರದೆ ಇರೋದಕ್ಕೆ ಹೆಚ್ಚಾಗಿ ಕಾರಣ ಸಣ್ಣದು ಇರ್ತದೆ. ಆಧಾರಿನಲ್ಲಿ ಒಂದು ಹೆಸರು, ರೇಶನ್ ಕಾರ್ಡಿನಲ್ಲಿ ಮಲಯಾಳದಲ್ಲಿ ಬರೆದು ಬೇರೆ ಥರ ಆದ ಹೆಸರು, ಶಾಲೆಯ ಸರ್ಟಿಫಿಕೇಟಿನಲ್ಲಿ ಮೂರನೇದು. ಇದಕ್ಕೆ ವಿಲೇಜ್ ಆಫೀಸಿನಿಂದ ಈ ಹೆಸರೆಲ್ಲ ಒಬ್ಬರದ್ದೇ ಅನ್ನುವ ವನ್ ಆಂಡ್ ಸೇಮ್ ಸರ್ಟಿಫಿಕೇಟ್ ತೆಗಿಬೇಕು, ಸರಕಾರಿ ಅರ್ಜಿ ಹಾಕಿ ಕೊಡುವ ಅಕ್ಷಯ ಸೆಂಟರಿನಲ್ಲಿ ಅರ್ಜಿ ಹಾಕಿದ್ರೆ ಆಗ್ತದೆ, ಆದ್ರೆ ಅದು ಬೇಕು ಅಂತ ಹೇಳುವವರು ಯಾರು, ಹಾಸಿಗೆಯ ಬದಿ ಬಿಟ್ಟು ಪೇಟೆಗೆ ಹೋಗುವವರು ಯಾರು.

ವರ್ಷಕ್ಕೊಮ್ಮೆ ಪೆನ್ಶನ್ ಮಸ್ಟರಿಂಗ್ ಅಂತ ಮಾಡ್ತಾರೆ, ಬದುಕಿದ್ದಾರೆ ಅಂತ ಬೆರಳು ಒತ್ತಿ ತೋರಿಸೋದು. ಒಬ್ಬರು ಅಜ್ಜಿ, ಬಾಲ್ಯದಿಂದ ಬೀಡಿ ಕಟ್ಟಿದವರು, ಮೆಶಿನಿನ ಮೇಲೆ ಹೆಬ್ಬೆರಳು ಇಟ್ರೆ ಕೆಂಪು ಲೈಟು, ತೋರುಬೆರಳು ಇಟ್ರೂ ಕೆಂಪು, ಸೀರೆಯ ಸೆರಗಿನಲ್ಲಿ ಒರೆಸಿ ಹತ್ತೂ ಬೆರಳು ಇಟ್ಟಾಯ್ತು. ಎನ್ನ ಬಿರೆಲ್‌ಡ್ ದಾಲ ಇಜ್ಜಿ ಮಗಾ ಅಂದ್ರು, ಬೆರಳಿನಲ್ಲಿ ಗೆರೆಯೇ ಉಳಿದಿಲ್ಲ. ಹಿಂದಿನ ಸಲ ಅವರನ್ನ ಹಾಗೇ ಮನೆಗೆ ಕಳಿಸಿದ್ರಂತೆ, ಪೆನ್ಶನ್ ನಿಂತು ಹೋಗಿತ್ತು. ಕಣ್ಣಿನ ಸ್ಕ್ಯಾನ್‌ನಲ್ಲಿ ಮಾಡ್ಬಹುದಲ್ಲ ಅಂತ ಕೌಂಟರಿನಲ್ಲಿ ಕೇಳಿದ್ದಷ್ಟೇ ನಾನು, ಆಯ್ತು. ಎದ್ದು ಬರ್ಲಿಕ್ಕೆ ಆಗದವರಿಗೆ ಮನೆಗೇ ಬಂದು ಮಾಡುವ ವ್ಯವಸ್ಥೆಯೂ ಉಂಟು, ಮೊದಲೇ ಹೆಸರು ಕೊಡ್ಬೇಕು. ಇನ್ನೊಂದು ವಿಷ್ಯ ನಮ್ಮವರಿಗೇ ತುಂಬಾ ಜನರಿಗೆ ಗೊತ್ತಿಲ್ಲ, 1969ರ ಕೇರಳ ಅಧಿಕೃತ ಭಾಷಾ ಕಾನೂನಿನ ಪ್ರಕಾರ ನಮ್ಮ ಕಡೆಯ ಕನ್ನಡದವರು ಸರಕಾರಿ ಆಫೀಸಿಗೆ ಕನ್ನಡದಲ್ಲೇ ಬರೀಬಹುದು, ಉತ್ತರವೂ ಕನ್ನಡದಲ್ಲಿ ಕೊಡ್ಬೇಕು. ನಾನು ಅರ್ಜಿ ಜೊತೆಗೆ ಯಾವಾಗ್ಲೂ ಕನ್ನಡದಲ್ಲಿ ಒಂದು ಕಾಗದ ಇಡಿಸ್ತೇನೆ, ಅರ್ಜಿ ಹಾಕಿದವರು ಅದನ್ನ ತಾವೇ ಓದಿ ಸೈನ್ ಹಾಕ್ತಾರೆ.

ಈ ಕೆಲಸಕ್ಕೆ ಖರ್ಚು ಕಮ್ಮಿ, ಫೋಟೋಕ್ಕೆ ಏನೂ ಸಿಗೋದಿಲ್ಲ, ಬೇಜಾರು ಬರ್ತದೆ, ಕ್ಯೂ ನಿಲ್ಬೇಕು. ಆದ್ರೆ ಒಂದು ಫೈಲ್ ಸರಿ ಆದ್ರೆ ಆ ಮನೆಗೆ ತಿಂಗಳು ತಿಂಗಳು ದುಡ್ಡು ಬರ್ತದೆ, ನಾನು ಇದ್ರೂ ಇಲ್ಲದಿದ್ರೂ. ಮತ್ತೆ ಮುಂಬಯಿಗೆ ಹೋದ ಮೇಲೂ ಫೋನಿನಲ್ಲಿ, ಆನ್‌ಲೈನಿನಲ್ಲಿ ಬೆನ್ನು ಹತ್ಲಿಕ್ಕೆ ಆಗುವ ಕೆಲಸ ಇದೊಂದೇ.

ದುಡ್ಡು ಮಾತ್ರ ಕಳಿಸ್ತೇವೆ ಅನ್ನುವವರಿಗೂ ಒಂದು ಮಾತು. ಹೊರದೇಶದಲ್ಲಿದ್ದು ಇಂಡಿಯನ್ ಪಾಸ್‌ಪೋರ್ಟೇ ಇದ್ರೆ ನಿಮ್ಮ ಸಂಪಾದನೆ ಬ್ಯಾಂಕ್ ಮೂಲಕ ಇಲ್ಲಿಯ ಟ್ರಸ್ಟಿಗೆ ಕೊಡ್ಲಿಕ್ಕೆ ತೊಂದರೆ ಇಲ್ಲ, ಅದು ವಿದೇಶಿ ದೇಣಿಗೆ ಅಂತ ಲೆಕ್ಕ ಆಗೋದಿಲ್ಲ. ಆದ್ರೆ ನಮ್ಮ ದೊಡ್ಡಪ್ಪನ ಮಗನ ಹಾಗೆ ಅಮೆರಿಕದ ಪಾಸ್‌ಪೋರ್ಟ್ ಆಗಿದ್ರೆ, ಹೊರದೇಶದ ಪ್ರಜೆ ಆದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ರೂ ಕೂಡ, ವಿದೇಶಿ ದೇಣಿಗೆ ತಗೊಳ್ಲಿಕ್ಕೆ ಎಫ್‌ಸಿಆರ್‌ಎ ಪರವಾನಗಿ ಇರುವ ಸಂಸ್ಥೆಗೆ ಮಾತ್ರ ಕೊಡ್ಬಹುದು. ಊರಿನ ಸಣ್ಣ ಕ್ಲಬ್ಬು, ಟ್ರಸ್ಟುಗಳಿಗೆ ಹೆಚ್ಚಾಗಿ ಅದು ಇರೋದಿಲ್ಲ, ಗೊತ್ತಿಲ್ಲದೆ ತಗೊಂಡ್ರೆ ಅವರೇ ಸಿಕ್ಕಿಹಾಕ್ಕೊಳ್ತಾರೆ. ಅವನ ಮಗಳು ಕಾಲೇಜ್ ಪ್ರಾಜೆಕ್ಟಿಗೆ ಬಾಧಿತರ ಮನೆಗಳಲ್ಲಿ ರಿಸರ್ಚ್ ಮಾಡ್ತೇನೆ ಅಂತ ಹೊರಟಿದ್ಲು, ಓಸಿಐಯವರಿಗೆ ಅದಕ್ಕೆ ಬೇರೆ ಪರ್ಮಿಷನ್ ಬೇಕು, ಹಾಗಾಗಿ ಅವಳನ್ನ ನಾನು ಸಂಜೆ ಪಾಠಕ್ಕೆ ಕೂರಿಸಿದೆ, ಇಂಗ್ಲಿಷ್ ಕಲಿಸಿದ್ಲು, ಮಕ್ಕಳು ಅವಳಿಗೆ ತುಳು ಕಲಿಸಿದ್ರು.

ಯಾವಾಗ ಬರೋದು ಅಂತ ಕೇಳಿದ್ರೆ, ನಮ್ಮವರು ಬರೋದು ಏಪ್ರಿಲ್ ಮೇ ರಜೆಯಲ್ಲಿ, ಆವಾಗ ಇಲ್ಲಿಯ ಶಾಲೆಗೂ ರಜೆ, ಆ ಸಮಯಕ್ಕೆ ಪಾಲಿಯೇಟಿವ್ ಮತ್ತೆ ಅರ್ಜಿ ಕೆಲಸ ನೋಡಿ. ಶಾಲೆ, ಬಡ್ಸ್ ಅಂತ ಇದ್ರೆ ಮಳೆ ಬಿಟ್ಟ ಮೇಲೆ, ನವೆಂಬರಿನಿಂದ ಫೆಬ್ರವರಿ ಒಳಗೆ. ಬರುವ ಮೊದಲು ವಾರ್ಡ್ ಮೆಂಬರಿಗೆ ಫೋನ್ ಮಾಡಿ, ಆಸ್ಪತ್ರೆಯ ಪಾಲಿಯೇಟಿವ್ ಸಿಸ್ಟರನ್ನ ಕೇಳಿ, ಕೊರಗರ ಕಡೆ ಹೋಗೋದಾದ್ರೆ ಟ್ರೈಬಲ್ ಡಿಪಾರ್ಟ್‌ಮೆಂಟಿನ ಎಸ್‌ಟಿ ಪ್ರಮೋಟರ್ ಮೂಲಕವೇ ಹೋಗಿ, ಮತ್ತೆ ಸಾಧ್ಯ ಆದ್ರೆ ಮಲಯಾಳ ಅಕ್ಷರ ಓದ್ಲಿಕ್ಕೆ ಕಲ್ತು ಬನ್ನಿ, ಮಾತಾಡ್ಲಿಕ್ಕೆ ಬಾರದಿದ್ರೂ ಅಡ್ಡಿ ಇಲ್ಲ, ಫಾರ್ಮ್ ಓದ್ಲಿಕ್ಕೆ ಬಂದ್ರೆ ಸಾಕು.