ನಾಸ್ಕಾ ರೇಖೆಗಳು: ವಿಮಾನದಿಂದಲೋ, ಗೋಪುರದಿಂದಲೋ?

ದಕ್ಷಿಣ ಪೆರುವಿನ ನಾಸ್ಕಾ ಮರುಭೂಮಿಯಲ್ಲಿ, ಮೇಲ್ಪದರದ ಕಂದು ಕಲ್ಲುಗಳನ್ನು ಸರಿಸಿ ತಿಳಿಬಣ್ಣದ ನೆಲವನ್ನು ತೆರೆದು ಸುಮಾರು 2000 ವರ್ಷಗಳ ಹಿಂದೆ ಬಿಡಿಸಿದ ಚಿತ್ರಗಳನ್ನು ನೋಡಲು ಎರಡು ದಾರಿಗಳಿವೆ.

ಸಣ್ಣ ವಿಮಾನದಲ್ಲಿ ಹೋದರೆ ಅರ್ಧ ಗಂಟೆಯಲ್ಲಿ 90 ಮೀಟರಿಗೂ ಉದ್ದದ ಹಮ್ಮಿಂಗ್‌ಬರ್ಡ್, ಸುರುಳಿ ಬಾಲದ ಕೋತಿ, 46 ಮೀಟರ್ ಉದ್ದದ ಜೇಡ ಮುಂತಾದವು ಇಡಿಯಾಗಿ ಕಾಣುತ್ತವೆ. ಆದರೆ ಎರಡೂ ಬದಿಯವರಿಗೆ ತೋರಿಸಲೆಂದು ವಿಮಾನ ಪದೇ ಪದೇ ವಾಲುವುದರಿಂದ ಹೊಟ್ಟೆ ತೊಳಸುವುದುಂಟು; ಖರ್ಚೂ ಹೆಚ್ಚು.

ಪ್ಯಾನ್-ಅಮೆರಿಕನ್ ಹೆದ್ದಾರಿಯ ಪಕ್ಕದ ಗೋಪುರವನ್ನು, ಈ ರೇಖೆಗಳ ರಕ್ಷಣೆಗೆ ಬದುಕನ್ನೇ ಸವೆಸಿದ ಮರಿಯಾ ರೈಖೆ 1976ರಲ್ಲಿ ಕಟ್ಟಿಸಿದರು. ಅಲ್ಲಿಂದ ಕಾಣುವುದು ಮರ, ಕೈಗಳು ಮತ್ತು ಹೆದ್ದಾರಿಯೇ ಸೀಳಿಹೋದ ಹಲ್ಲಿ ಮಾತ್ರ.

ಚಿತ್ರಗಳ ರೂಪವೇ ಮುಖ್ಯವೆನ್ನುವವರು ವಿಮಾನ ಹತ್ತಲಿ. ಉದ್ದೇಶದ ಬಗ್ಗೆ ಕುತೂಹಲವಿದ್ದವರಿಗೆ ಗೋಪುರವೇ ಮೇಲೆಂದು ನನ್ನ ಅಭಿಪ್ರಾಯ. ಇವು ಖಗೋಳ ಪಂಚಾಂಗವೆಂಬ ರೈಖೆಯವರ ವಾದಕ್ಕೆ ಖಗೋಳವಿಜ್ಞಾನಿ ಜೆರಾಲ್ಡ್ ಹಾಕಿನ್ಸ್ ನಡೆಸಿದ ಕಂಪ್ಯೂಟರ್ ಲೆಕ್ಕಾಚಾರದಲ್ಲಿ ಬೆಂಬಲ ಸಿಗಲಿಲ್ಲ. ಮಳೆಯೇ ಅಪರೂಪವಾದ ಈ ಸೀಮೆಯಲ್ಲಿ ನೀರನ್ನು ಬೇಡುವ ಆಚರಣೆಗಳಿಗೆ ಜನರು ರೇಖೆಗಳ ಮೇಲೆ ನಡೆಯುತ್ತಿದ್ದರೆಂಬ ವಿವರಣೆಯನ್ನು ಇಂದು ಹಲವು ವಿದ್ವಾಂಸರು ಒಪ್ಪುತ್ತಾರೆ. ಅನೇಕ ಚಿತ್ರಗಳು ಎಲ್ಲಿಯೂ ತುಂಡಾಗದ ಒಂದೇ ಗೆರೆಯಲ್ಲಿರುವುದು (ನಮ್ಮ ಅಂಗಳದ ಎಳೆ ರಂಗೋಲಿಯಂತೆ) ಇದಕ್ಕೆ ಹೊಂದುತ್ತದೆ, ಮತ್ತು ಅಂಥ ಗೆರೆಯ ಅಗಲವನ್ನು ನೆಲದ ಸಮೀಪದಿಂದಲೇ ಅಂದಾಜು ಮಾಡಬೇಕು.